ನೀರು ತಳ್ಳುವ ವಾಲ್ಟರ್

"ಹೋದ ಸಭೆಯ ನಡವಳಿಯಲ್ಲಿ ತಿದ್ದುಪಡಿ ಏನಾದರೂ ಇದೆಯೇ?" ಎಂದು ಅಧ್ಯಕ್ಷರು ಕೇಳಿದರು. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಕವಿತ, ಉತ್ತರಕ್ಕೂ ಕಾಯದೆ 'ಇಲ್ಲ' ಎಂದು ಟೈಪು ಮಾಡಿದಳು. ನಾಲ್ಕು ವರ್ಷದಲ್ಲಿ ಆ ಪ್ರಶ್ನೆಗೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಇವತ್ತು ಮಾತ್ರ ಕುರ್ಚಿ ಸರಿದ ಸದ್ದಾಯಿತು. "ಇದೆ," ಎಂದಿತು ಎಡ್ನಾ ಮುದುಕಿಯ ದನಿ. "ನನ್ನ ಗಂಡ ವಾಲ್ಟರ್ ದಿನಾ ಬೆಳಿಗ್ಗೆ ಮನೆ ಮುಂದಿನ ನೀರು ತಳ್ಳುತ್ತಾನೆ ಅಂತ ಬರೆದಿದ್ದೀರಿ. ವಾಲ್ಟರ್ ಸತ್ತುಹೋಗಿದ್ದಾನೆ. ಹೋದ ಸಭೆಯಲ್ಲಿ ನಾನು ಹೇಳಿದ್ದು ಅದನ್ನೇ."

ಕವಿತ ಧ್ವನಿಮುದ್ರಣ ನಿಲ್ಲಿಸಿದಳು.

ಸಭೆ ನಡೆದದ್ದು ಅಮೆರಿಕದ ಕಾರ್ವರ್ಸ್‌ಟನ್ ಎಂಬ 'ಬರೋ'ದಲ್ಲಿ. ಬರೋ ಅಂದರೆ ನಮ್ಮ ಪಟ್ಟಣ ಪಂಚಾಯಿತಿ ಇದ್ದಹಾಗೆ. ಇದು ಅದಕ್ಕಿಂತಲೂ ಚಿಕ್ಕದು. ಕಲ್ಲಿದ್ದಲಿನ ಗಣಿ ಮುಚ್ಚಿದ ಮೇಲೆ ಎಲ್ಲೂ ಹೋಗಲಾರದ ಒಂಬೈನೂರು ಜನ ಉಳಿದುಕೊಂಡಿದ್ದರು. ಏಳು ಸದಸ್ಯರು, ತಿಂಗಳಿಗೊಂದು ಸಭೆ, ಊರಿನವರು ಯಾರು ಬಂದರೂ ತಲಾ ಮೂರು ನಿಮಿಷ ಮಾತು. ಅದನ್ನೆಲ್ಲ ಕೇಳಿ ಅಕ್ಷರಕ್ಕೆ ಇಳಿಸುತ್ತಿದ್ದದ್ದು ಇಲ್ಲಿ, ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿಯ ಮೇಲೆ, ಮೂರು ಕಂಪ್ಯೂಟರಿನ ಆಫೀಸಿನಲ್ಲಿ. ಆ ಊರಿನ ಮುದುಕರ ಮಾತು, ಕೇಳಿ ತಾನೇ ಬರೆಯುವ ಯಂತ್ರಕ್ಕೆ ಇನ್ನೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದರ ಪುಣ್ಯದಿಂದ ಕವಿತಳ ಕುರ್ಚಿ ಉಳಿದಿತ್ತು.

ಎಡ್ನಾ ಒಂದು ಸಭೆಯನ್ನೂ ತಪ್ಪಿಸಿದವಳಲ್ಲ, ಹೇಳುವ ಮಾತನ್ನೂ ಬದಲಿಸಿದವಳಲ್ಲ. ಚರಂಡಿ ಕಟ್ಟಿದೆ, ಮನೆ ಮುಂದೆ ನೀರು ನಿಲ್ಲುತ್ತದೆ, ಎಂಬತ್ತಾರು ವರ್ಷದ ವಾಲ್ಟರ್ ಪೊರಕೆ ಹಿಡಿದು ತಳ್ಳುತ್ತಾನೆ, ಜಾರಿಬಿದ್ದರೆ ಯಾರು ಹೊಣೆ? ಸದಸ್ಯರು "ಪರಿಶೀಲಿಸುತ್ತೇವೆ" ಎನ್ನುತ್ತಿದ್ದರು. ಮೊದಮೊದಲು ಕವಿತ ಒಂದಕ್ಷರ ಬಿಡದೆ ಬರೆದಳು. ಆದರೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ನಾಲ್ಕಕ್ಕೇ ಎದ್ದು, ಮೂರು ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಬಸ್ಸಿನಲ್ಲಿ ನಿಂತುಕೊಂಡೇ ಬರುವವಳು ಅವಳು. ಬರುಬರುತ್ತಾ ಎಡ್ನಾಳ ಆ ಮೂರು ನಿಮಿಷವೇ ಅವಳಿಗೆ ಉಸಿರು ಬಿಡುವ ಹೊತ್ತಾಯಿತು. ಹಿಂದಿನ ತಿಂಗಳ ಪ್ಯಾರಾ ತಂದು ಅಂಟಿಸುವುದು, ಹೆಡ್‌ಫೋನ್ ತೆಗೆದಿಟ್ಟು ಕಣ್ಣು ಮುಚ್ಚುವುದು. ಹೀಗೆ ಒಂದು ವರ್ಷ ನಡೆದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

ಅವಳು ಹೋದ ತಿಂಗಳ ಧ್ವನಿಮುದ್ರಣ ಹುಡುಕಿ ಹಾಕಿದಳು. "ಇವತ್ತು ನೀರಿನ ಮಾತಿಲ್ಲ," ಎಂದು ಎಡ್ನಾ ಬಿಡಿಬಿಡಿಯಾಗಿ ಹೇಳುತ್ತಿದ್ದಳು. "ಮಂಗಳವಾರ ವಾಲ್ಟರ್ ತೀರಿಕೊಂಡ. ಪೊರಕೆ ಪಕ್ಕದಲ್ಲೇ ಬಿದ್ದಿತ್ತು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಹೋಗಿ ಹೇಳುವುದಕ್ಕೆ ನನಗೆ ಗೊತ್ತಿರುವ ಜಾಗ ಇದೊಂದೇ." ಅದಕ್ಕೆ ಯಾರೋ ಕೆಮ್ಮಿ, "ಮುಂದಿನವರು" ಎಂದಿದ್ದರು.

ಆಫೀಸು ನಡೆಸುವ ಗೋಪಿನಾಥ್ ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ.

"ಓಗ್ಲಿ ಬಿಡಮ್ಮ. 'ಧ್ವನಿ ಅಸ್ಪಷ್ಟವಾಗಿತ್ತು' ಅಂತ ಕೆಳ್ಗಡೆ ಒಂದ್ ಟಿಪ್ಪಣಿ ಆಕು. ವಯಸ್ಸಾದೋಳು, ನಂಬ್ತಾರೆ."

"ಸ್ಪಷ್ಟವಾಗೇ ಐತೆ ಸಾರ್."

"ನಂಗೊತ್ತಿಲ್ವಾ? ಓದ್ವರ್ಷ ಅನ್ನೊಂದ್ ಊರಿನ್ ಕೆಲ್ಸ ಇತ್ತು ನಮ್ ಕೈಲಿ. ಈಗ ನಾಲ್ಕೈತೆ. ಇದೂ ಓದ್ರೆ ಮೊದ್ಲು ಓಗೋದು ನಿನ್ ಸೀಟೇ ಕಣಮ್ಮ. ಆಮೇಲೆ ನಂದು."

ಅವನು ಹೆದರಿಸಲು ಹೇಳಿದ್ದಲ್ಲ. ಹೆದರಿಸುವಷ್ಟು ತ್ರಾಣ ಅವನಿಗೂ ಉಳಿದಿರಲಿಲ್ಲ. ಈ ಕುರ್ಚಿ ಹೋದರೆ ಹೊತ್ತು ಮೂಡುವ ಮೊದಲೇ ಬೆಂಗಳೂರಿನ ರೈಲು ಹತ್ತಬೇಕು, ಹಸುಗಳನ್ನು ಮಾರಬೇಕು. ಕವಿತ ತನ್ನ ಜಾಗಕ್ಕೆ ಬಂದು ಕೂತು, 'ಧ್ವನಿ ಅಸ್ಪಷ್ಟವಾಗಿತ್ತು' ಎಂದು ಟಿಪ್ಪಣಿ ಹಾಕಿ, ನಿಲ್ಲಿಸಿದಲ್ಲಿಂದ ಈ ತಿಂಗಳ ಧ್ವನಿಮುದ್ರಣ ಮುಂದುವರಿಸಿದಳು.

"ತಪ್ಪಾಗಿದೆ, ಕ್ಷಮಿಸಿ," ಎಂದರು ಅಧ್ಯಕ್ಷರು. "ಟೈಪು ಮಾಡುವವರು ಎಲ್ಲೋ ದೂರದಲ್ಲಿದ್ದಾರೆ. ಬೇರೆಯವರನ್ನು ನೋಡೋಣ."

"ಬೇಡ," ಎಂದಳು ಎಡ್ನಾ. "ನೀವು ಏಳು ಜನ ಎದುರಿಗೆ ಕೂತೂ ಕೇಳಲಿಲ್ಲ. ಅಲ್ಲಿರುವವರು ಯಾರೋ ಏನೋ, ನಾಲ್ಕು ವರ್ಷದಿಂದ ತಿಂಗಳು ತಿಂಗಳೂ ನನ್ನ ಮಾತು ಕೇಳಿಸಿಕೊಂಡಿದ್ದಾರೆ. ಪಾಪ, ಅವತ್ತೊಂದು ದಿನ ಸುಸ್ತಾಗಿದ್ದಿರಬೇಕು. ಅವರೇ ಇರಲಿ."

ಅಧ್ಯಕ್ಷರು "ಸರಿ" ಎಂದರು. ಕವಿತಳ ಕುರ್ಚಿ ಉಳಿಯಿತು. ಎಡ್ನಾ ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ಬಸ್ಸಿನಲ್ಲಿ ಮರೆಯುತ್ತಲೂ ಇದ್ದಳು. ಈ ಕನಿಕರಕ್ಕೆ ಅವಳಿಗೆ ನಾಚಿಕೆಯಾಯಿತು. ಮೊದಲು ಹಾಕಿದ್ದ 'ಇಲ್ಲ' ತೆಗೆದು, ಎಡ್ನಾಳ ಮಾತನ್ನು, 'ಪಾಪ' ಎಂದದ್ದನ್ನೂ ಬಿಡದೆ, ಪೂರ್ತಿ ಬರೆದಳು. ಹೋದ ತಿಂಗಳ ನಡವಳಿ ತೆರೆದು, ಇನ್ನೂ ಪೊರಕೆ ಹಿಡಿದು ನೀರು ತಳ್ಳುತ್ತಿದ್ದ ವಾಲ್ಟರ್‌ನನ್ನು ಒಂದೊಂದೇ ಅಕ್ಷರ ಅಳಿಸಿ, ಆ ಜಾಗದಲ್ಲಿ ಎಡ್ನಾ ಅವತ್ತು ಹೇಳಿದ್ದನ್ನೇ ಬರೆದಳು.

"ಟಿಪ್ಪಣಿ ಆಕಿದ್ಯೇನಮ್ಮ?" ಎಂದು ಗೋಪಿನಾಥ್ ಕೂತಲ್ಲಿಂದಲೇ ಕೇಳಿದ.

"ಆಕಿದೀನಿ ಸಾರ್," ಎಂದು ಕವಿತ ಕಳಿಸುವ ಗುಂಡಿ ಒತ್ತಿದಳು. ಅವಳು ಟಿಪ್ಪಣಿಯನ್ನು ಆಗಲೇ ತಿದ್ದಿದ್ದಳು: 'ಧ್ವನಿ ಸ್ಪಷ್ಟವಾಗಿತ್ತು. ಕೇಳಿಸಿಕೊಳ್ಳುವವರು ಇಲ್ಲಿಯೂ ಯಾರೂ ಇರಲಿಲ್ಲ.'