ಹದಿನೈದನೇ ಪುಟದಿಂದ

ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಸರಸರನೆ ಓಡತೊಡಗಿದಾಗ ಪ್ರಕಾಶಕರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.

"ಏನಮ್ಮಾ ಇದು, ಕೆಟ್ಟುಹೋಯ್ತಾ? ಎಲ್ಲಿ ಒತ್ತಬೇಕು ಅನ್ನೋದೇ ಕಾಣಲ್ಲ."

"ಇದರಲ್ಲಿ ಒತ್ತೋದಿಲ್ಲ ಸಾರ್. ಏನು ಬೇಕೋ ಬರೆದು ಹೇಳಬೇಕು," ಎಂದಳು ಪುಟ ಜೋಡಿಸುವವಳು. ಹೊಸ ಟೂಲ್ ಇನ್‌ಸ್ಟಾಲ್ ಆಗುತ್ತಿತ್ತು. ಹಸ್ತಪ್ರತಿಯ ಫೈಲ್ ಕೊಟ್ಟರೆ ಸಾಕು, ಓದುಗರಿಗೆ ಪುಕ್ಕಟೆ ತೋರಿಸುವ ಹನ್ನೆರಡು ಪುಟಗಳ ಪ್ರಿವ್ಯೂ ಅದೇ ಮಾಡಿಕೊಡುತ್ತದೆ. ಹನ್ನೊಂದು ಗಂಟೆಯೊಳಗೆ ಅದು ಪುಸ್ತಕದ ಅಂಗಡಿಗಳಿಗೆ ಹೋಗಬೇಕು. ಅದನ್ನು ನೋಡಿಯೇ ಅವರು ಪುಸ್ತಕ ತರಿಸುವುದು. ಇಲ್ಲವಾದರೆ ಗೋದಾಮಿನಲ್ಲಿ ಗೆದ್ದಲಿಗೆ ಹಬ್ಬ.

ಪುಸ್ತಕ ಬರೆದಾಕೆ ಗೋಡೆ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ಆಯಾ ಆಗಿ ದುಡಿದವಳು, ಎಲ್ಲರ ಬಾಯಲ್ಲೂ ಆಯಮ್ಮ. ಡ್ಯೂಟಿ ಮುಗಿಸಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆದ ಪುಸ್ತಕ ಅದು.

ಪ್ರಿವ್ಯೂ ಹೊರಬಂತು. ಮುಖಪುಟ, ಆಮೇಲೆ ಪ್ರಕಾಶಕರ ಮುನ್ನುಡಿ, ಮತ್ತೂ ಮುನ್ನುಡಿ, ಇನ್ನೂ ಮುನ್ನುಡಿ. ಹದಿಮೂರು ಪುಟ ಗೀಚಿದ್ದರು ಪುಣ್ಯಾತ್ಮರು. ಅದರಲ್ಲಿ ಆರು ಪುಟ ತಮ್ಮದೇ ವಿದ್ಯಾರ್ಥಿ ಜೀವನ. ಟೂಲಿಗೇನು ಗೊತ್ತು ಪಾಪ, ಮೊದಲಿನಿಂದ ಹನ್ನೆರಡು ಎಣಿಸಿ ಕತ್ತರಿಸಿತ್ತು.

"ಭೇಷ್! ಹೀಗೇ ಕಳಿಸು," ಎಂದರು ಪ್ರಕಾಶಕರು.

ಆಯಮ್ಮ ಕನ್ನಡಕ ಏರಿಸಿ ಒಂದೊಂದೇ ಪುಟ ನೋಡಿದಳು. "ನಂದು ಎಲ್ಲಿಂದ ಶುರುವಾಗುತ್ತೆ ತಾಯಿ?" ಪ್ರಕಾಶಕರು ಗಡಿಯಾರ ತೋರಿಸಿದರು. "ಇರಲಿ ಬಿಡಿ, ದೊಡ್ಡೋರು ಬರೆದಿದ್ದಾರೆ," ಎಂದು ಚೀಲ ಎತ್ತಿಕೊಂಡಳು.

ಆ 'ಇರಲಿ ಬಿಡಿ' ಕೇಳಿ ಪುಟ ಜೋಡಿಸುವವಳಿಗೆ ಮೈಯೆಲ್ಲ ಉರಿಯಿತು. ಹನ್ನೊಂದು ವರ್ಷದಿಂದ ಇದೇ ಕುರ್ಚಿಯಲ್ಲಿ ಅವಳೂ ಅದೇ ಮಾತು ಹೇಳಿಕೊಂಡು ಬಂದಿದ್ದಳು. "ಕೂತ್ಕೊಳ್ಳಿ ಆಯಮ್ಮ!" ಎಂದು ಗದರಿ, ಟೂಲಿಗೆ ಹೊಸ ಸಾಲು ಬರೆದಳು: ಹದಿನೈದನೇ ಪುಟದಿಂದ.

"ಏಯ್, ಏನು ಮಾಡ್ತಿದ್ದೀಯ? ನಾಳೆಯಿಂದ ಕೆಲಸಕ್ಕೆ ಬರೋ ಯೋಚನೆ ಇದೆಯೋ ಇಲ್ವೋ?"

"ಅದನ್ನ ನಾಳೆ ಹೇಳಿ ಸಾರ್. ಇವತ್ತಿನ ಕೆಲಸ ಮುಗಿಸ್ತೀನಿ."

ಪರದೆಯ ಮೇಲೆ ಹೊಸ ಪ್ರಿವ್ಯೂ ಮೂಡಿತು. ಮೊದಲ ಸಾಲು: 'ನಾನು ಮೊದಲು ಎತ್ತಿಕೊಂಡ ಮಗು ಅಳಲಿಲ್ಲ; ನಾನೇ ಅತ್ತುಬಿಟ್ಟೆ.' ಬೇರೆ ಯಾರೋ ಬರೆದದ್ದೇನೋ ಎಂಬಂತೆ ಆಯಮ್ಮ ಅದನ್ನು ಎರಡು ಸಲ ಓದಿದಳು. ಹನ್ನೊಂದಕ್ಕೆ ನಾಲ್ಕು ನಿಮಿಷ ಇರುವಾಗ ಅದು ಎಲ್ಲ ಅಂಗಡಿಗಳಿಗೂ ಹೋಯಿತು.

ಪ್ರಕಾಶಕರ ಮುಖ ಕೆಂಪೇರಿತ್ತು. "ಹಾಗಾದ್ರೆ ನನ್ನ ಹದಿಮೂರು ಪುಟ ಯಾರು ಓದ್ಬೇಕು?"

"ದುಡ್ಡು ಕೊಟ್ಟು ತಗೊಂಡವರು ಓದ್ತಾರೆ ಸಾರ್," ಎಂದಳು ಪುಟ ಜೋಡಿಸುವವಳು. "ಅಷ್ಟು ಒಳ್ಳೇದನ್ನ ಪುಕ್ಕಟೆ ಯಾಕೆ ಕೊಡೋದು?"