ಫರಹ್ಮಂದ್ ಸೇತುವೆ

ಹೊಸ ಹೆಸರಿನ ಸೇತುವೆಯನ್ನು ದಾಟುವ ಮೊದಲ ಕಾರು ಹೂಶಂಗ್ ಫರಹ್ಮಂದರದ್ದೇ ಆಗಬೇಕೆಂದು ಶಾಸಕ ವೆಂಡೆಲ್ ಸ್ಟಬ್ಸ್ ಮೈಕಿನಲ್ಲಿ ಸಾರಿದಾಗ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಹೂಶಂಗರ ಕಣ್ಣು ಹೊಳೆಯಲ್ಲಿ ನಿಂತ ನಡುವಿನ ಕಂಬದತ್ತ ಹೋಯಿತು. ಕಾರಿನ ಹಿಂದೆ ಶಾಲೆಯ ಬ್ಯಾಂಡ್ ತಂಡ ಸಾಲಾಗಿ ನಿಂತಿತ್ತು, ಅದರ ಹಿಂದೆ ಹೂಮಾಲೆ ಹಾಕಿಕೊಂಡ ಅಗ್ನಿಶಾಮಕ ಲಾರಿ. ಹೊಸದಾಗಿದ್ದದ್ದು ಹೆಸರಿನ ಬೋರ್ಡು ಮಾತ್ರ. ಸೇತುವೆ ಅದೇ ಹಳೆಯದು.

ಆ ಸೇತುವೆಯ ಕಂಬ ಬಿರುಕು ಬಿಟ್ಟಿದ್ದನ್ನು ಕಂಡೇ ಇರಾನಿನಿಂದ ಬಂದು ಇಲ್ಲಿ ನೆಲೆಸಿದ್ದ ಈ ಎಂಜಿನಿಯರ್ ರಾಜಕೀಯಕ್ಕೆ ಇಳಿದದ್ದು. ಪಟ್ಟಣದ ಸಭೆಗೆ ಗೆದ್ದರು, ಅಲ್ಲಿ ದುಡ್ಡಿರಲಿಲ್ಲ. ದುಡ್ಡಿರುವುದು ರಾಜ್ಯದ ಹತ್ತಿರ ಎಂದರು, ರಾಜ್ಯದ ಶಾಸನಸಭೆಗೂ ಗೆದ್ದರು. ಆದರೆ ಹುಟ್ಟಿ ಬೆಳೆದ ರೀತಿ ಬಿಡಬೇಕಲ್ಲ! ಯಾರು ಏನು ಕೊಟ್ಟರೂ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಒಪ್ಪಿಕೊಳ್ಳುವುದು ಅವರಲ್ಲಿ ಮರ್ಯಾದೆ. ಸೇತುವೆಗಳ ಸಮಿತಿಗೆ ಅಧ್ಯಕ್ಷರಾಗುತ್ತೀರಾ ಎಂದು ಕೇಳಿದಾಗ, ಅಷ್ಟು ಯೋಗ್ಯತೆ ನನಗೆಲ್ಲಿ ಎಂದರು. ತಮ್ಮ ಹುಟ್ಟೂರು ಶೀರಾಜಿನಲ್ಲಾಗಿದ್ದರೆ ಕೈಹಿಡಿದು ಎಳೆದು ಕೂರಿಸುತ್ತಿದ್ದರು. ಇಲ್ಲಿ ಅದನ್ನೇ ನಿಜವೆಂದುಕೊಂಡು ಮುಂದಿನವರನ್ನು ಕೇಳಿದರು.

ಅಧಿವೇಶನದ ಕೊನೆಯ ದಿನ ಸೇತುವೆ ದುರಸ್ತಿಯ ಬಗ್ಗೆ ಮಾತನಾಡುವ ಸರದಿ ಬಂದಾಗ, ನಿಮ್ಮ ಸಮಯದಲ್ಲಿ ಸ್ವಲ್ಪ ಬಿಟ್ಟುಕೊಡುತ್ತೀರಾ ಎಂದು ವೆಂಡೆಲ್ ಕೇಳಿದ. ಹೂಶಂಗ್ ಎದೆಯ ಮೇಲೆ ಕೈಯಿಟ್ಟು, ಪೂರ್ತಿ ತೆಗೆದುಕೊಳ್ಳಿ ಎಂದುಬಿಟ್ಟರು. ವೆಂಡೆಲ್ ಪೂರ್ತಿ ತೆಗೆದುಕೊಂಡು, ರಾಜ್ಯದ ಅಧಿಕೃತ ಸಿಹಿತಿಂಡಿ ಸೇಬಿನ ಪೈ ಅಲ್ಲ, ಚೆರ್ರಿ ಪೈ ಎಂದು ವಾದಿಸಿ ಗೆದ್ದ. ದುರಸ್ತಿಯ ಮಾತೇ ಬರದೆ ಸಭೆ ಮುಗಿಯಿತು. ಇಂಥ ಸಜ್ಜನನಿಗೆ ಏನಾದರೂ ಮಾಡಬೇಕೆಂದು ಎಲ್ಲ ಪಕ್ಷದವರೂ ಸೇರಿ ಸೇತುವೆಗೆ ಅವರ ಹೆಸರಿಟ್ಟರು. ಅದಕ್ಕೆ ದುಡ್ಡು ಬೇಕಿರಲಿಲ್ಲ.

ಹೆಂಡತಿ ಮಹ್‌ರುಖ್‌ಗೆ ತಡೆಯಲಾಗಲಿಲ್ಲ. ವೆಂಡೆಲನನ್ನು ಊಟಕ್ಕೆ ಕರೆದು, ಕೇಸರಿ ಅನ್ನ ಬಡಿಸುತ್ತಲೇ ತರಾಟೆಗೆ ತೆಗೆದುಕೊಂಡಳು. ನಮ್ಮವರು ಬೇಡ ಅಂದರೆ ನಂಬಬೇಡಿ, ಮೂರು ಸಲ ಒತ್ತಾಯ ಮಾಡಬೇಕು ಎಂದು ಬಿಡಿಸಿ ಹೇಳಿದಳು. ವೆಂಡೆಲ್ ನಾಚಿಕೆಯಿಂದ ತಲೆ ತಗ್ಗಿಸಿದ್ದ. ಇವತ್ತು ಆ ತಪ್ಪು ತಿದ್ದಿಕೊಳ್ಳಲೆಂದೇ, ಊರಿಗೆಲ್ಲ ಮೂರರ ಲೆಕ್ಕ ಹೇಳಿಕೊಟ್ಟು ಬಂದಿದ್ದ.

"ಬೇಡ ವೆಂಡೆಲ್," ಎಂದರು ಹೂಶಂಗ್. "ನಿಜವಾಗ್ಲೂ ಹೇಳ್ತಿದೀನಿ, ಬೇಡ."

ವೆಂಡೆಲ್ ಜನರತ್ತ ಕಣ್ಣು ಮಿಟುಕಿಸಿ ಒಂದು ಬೆರಳೆತ್ತಿದ.

"ನಡುವಿನ ಕಂಬ ಬಿರುಕು ಬಿಟ್ಟಿದೆ. ಆ ಲಾರಿ ಭಾರ ತಡೆಯಲ್ಲ ಅದು."

"ಎರಡು," ಎಂದ ವೆಂಡೆಲ್. "ನೋಡಿ, ಎಷ್ಟು ಚೆನ್ನಾಗಿ ಮಾಡ್ತಾರೆ."

ಹೂಶಂಗ್ ಹುಟ್ಟಿದಾರಭ್ಯ ಯಾರ ಮೇಲೂ ದನಿ ಏರಿಸಿದವರಲ್ಲ. ಈಗ ಗಂಟಲು ಹರಿಯುವಂತೆ ಕೂಗಿದರು: "ಆಗಲ್ಲ ಅಂದ್ರೆ ಆಗಲ್ಲ!"

"ಮೂರು!" ಎಂದು ಇಡೀ ಊರು ಕೂಗಿತು.

ಇಬ್ಬರು ಗಟ್ಟಿಮುಟ್ಟಾದ ಅಗ್ನಿಶಾಮಕದವರು ಅವರನ್ನು ಪ್ರೀತಿಯಿಂದ ಎತ್ತಿ ಕಾರಿನ ಹಿಂದಿನ ಸೀಟಿನಲ್ಲಿ, ಮೊದಲೇ ಬೆಲ್ಟ್ ಹಾಕಿ ಕೂತಿದ್ದ ಹೆಂಡತಿಯ ಪಕ್ಕ ಕೂರಿಸಿ ಬಾಗಿಲು ಹಾಕಿದರು. ವೆಂಡೆಲ್ ತಾನೇ ಸ್ಟೇರಿಂಗ್ ಹಿಡಿದ. ಬ್ಯಾಂಡ್ ಶುರುವಾಯಿತು, ಲಾರಿಯೂ ಹೊರಟಿತು.

ಮಹ್‌ರುಖ್ ಗಂಡನ ಮುಖ ನೋಡಿದಳು. ಮದುವೆಯಾದಾಗಿನಿಂದ ಆ ಮುಖದಲ್ಲಿ ನಿಜವಾದ 'ಬೇಡ' ಕಂಡದ್ದು ಇದೇ ಮೊದಲು. ಮೆಲ್ಲಗೆ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿಯ ಗಾಜು ಪೂರ್ತಿ ಇಳಿಸಿದಳು.

"ಎಂಜಿನಿಯರ್ ಸಾಹೇಬ್ರೇ," ಎಂದಳು, "ಈಜೋದು ಮರೆತಿಲ್ಲ ತಾನೆ?"