ತಲೆಕೆಳಗಾದ ಸಿಲಿಂಡರ್

"ಇದನ್ನ ಹೀಗೆ ಕಟ್ಟಿದ್ದು ಯಾರು?"

ಅವನು ಕೇಳುವ ಅಗತ್ಯವೇ ಇರಲಿಲ್ಲ. ದೋಣಿಯಲ್ಲಿ ಇದ್ದದ್ದು ಮೂವರು. ಅವನ ಹೆಂಡತಿ ಮುಳುಗುವ ಉಡುಪಿನ ಜಿಪ್ ಜೊತೆ ಗುದ್ದಾಡುತ್ತಿದ್ದಳು. ಅವಳ ತಮ್ಮ ತಲೆ ತಗ್ಗಿಸಿ ಹಗ್ಗ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

ಅವಳು ಬೆನ್ನಿಗೆ ಹೊರುವ ಗಾಳಿಯ ಸಿಲಿಂಡರ್ ತಲೆಕೆಳಗಾಗಿತ್ತು. ಕತ್ತಿನ ಹಿಂದೆ ಇರಬೇಕಾದ ವಾಲ್ವ್ ಸೊಂಟದ ಹತ್ತಿರ ಬಂದು ಕೂತಿತ್ತು. ಬಾಯಿಗೆ ಬರುವ ಪೈಪನ್ನೂ ಅದಕ್ಕೆ ತಕ್ಕಂತೆ ಉದ್ದದ್ದು ಹಾಕಲಾಗಿತ್ತು. ಅಂದರೆ ಮರೆವಲ್ಲ, ಬೇಕೆಂದೇ ಮಾಡಿದ ಕೆಲಸ. ಭಾಮೈದನನ್ನು ಕಂಡರೆ ಅವನಿಗೆ ಮೊದಲೇ ಅಷ್ಟಕ್ಕಷ್ಟೆ. ಕರೆಯದೆ ಬಂದು ಮನೆಯಲ್ಲಿ ಠಿಕಾಣಿ ಹೂಡಿದ್ದ. ಈ ಕೆಲಸ ಮುಗಿದ ಮೇಲೆ ಅಕ್ಕನನ್ನು ಕೆಲವು ದಿನ ತನ್ನ ಮನೆಗೆ ಕರೆದೊಯ್ಯುತ್ತೇನೆ ಎಂದು ಬೇರೆ ಹೇಳಿದ್ದ. ಭಾವನ ಮುಖ ನೋಡಿ ಮಾತಾಡುವುದನ್ನು ಬಿಟ್ಟೇಬಿಟ್ಟಿದ್ದ.

"ನಾನೇ ಕಟ್ಟಿದ್ದು, ಭಾವ," ಎಂದ ಭಾಮೈದ. "ಬೆಂಕಿ ಆರಿಸೋರು ಹೀಗೇ ಕಟ್ಕೋತಾರೆ."

"ಇಲ್ಲೇನು ಸಮುದ್ರಕ್ಕೆ ಬೆಂಕಿ ಬಿದ್ದಿದೆಯಾ? ನೆಟ್ಟಗೆ ಕಟ್ಟು. ಕೆಳಗೆ ಯಾವುದೋ ಕಬ್ಬಿಣಕ್ಕೆ ವಾಲ್ವ್ ಬಡೀತು ಅಂದ್ರೆ ಯಾರು ಹೊಣೆ, ನೀನಾ?"

ಮಾತಿನಲ್ಲಿ ನ್ಯಾಯವಿತ್ತು. ಬಂದರಿನ ತಳವೆಂದರೆ ಗುಜರಿ ಅಂಗಡಿ. ಅಲ್ಲಿ ಬಿದ್ದಿದ್ದ ಮೀನುದೋಣಿಯ ಲಂಗರಿಗೆ ಹಗ್ಗ ಬಿಗಿದು ಬರುವುದು ಇವತ್ತಿನ ಕೆಲಸ. ಮಾಮೂಲಿಯದೇ. ಆದರೂ ಬೆಳಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೆಂಡತಿಯ ಭುಜವೂ ಪೂರ್ತಿ ವಾಸಿಯಾಗಿರಲಿಲ್ಲ. ಹೋದ ತಿಂಗಳು ಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಳು ಎಂದು ಡಾಕ್ಟರಿಗೆ ಹೇಳಿದ್ದರು. ಈಗಲೂ ಕೂದಲನ್ನು ತಮ್ಮನ ಕೈಯಲ್ಲಿ ಕಟ್ಟಿಸಿಕೊಳ್ಳುತ್ತಿದ್ದಳು. ಇಂಥ ಹೊತ್ತಿನಲ್ಲಿ ಹೊಸ ಪ್ರಯೋಗ ಯಾರಿಗೆ ಬೇಕು?

"ಬಿಡೋ, ಅವರು ಹೇಳಿದ ಹಾಗೇ ಕಟ್ಟು," ಎಂದಳು ಹೆಂಡತಿ.

ತಮ್ಮ ಪಟ್ಟಿ ಸಡಿಲಿಸಿ, ಸಿಲಿಂಡರ್ ತಿರುಗಿಸಿ ಬಿಗಿದ. ವಾಲ್ವ್ ಮೇಲಕ್ಕೆ ಬಂತು. ಪೈಪು ಮಾತ್ರ ಉದ್ದದ್ದೇ ಉಳಿಯಿತು.

ವಾಲ್ವ್ ನೋಡುವುದನ್ನು ಅವನು ಯಾರಿಗೂ ಬಿಡಲಿಲ್ಲ. ಈ ಕಸುಬಿನ ಹಳಬರದು ಒಂದು ಅಭ್ಯಾಸವಿದೆ: ಪೂರ್ತಿ ತೆಗೆಯುವುದು, ಆಮೇಲೆ ಕಾಲು ಸುತ್ತು ಹಿಂದಕ್ಕೆ ತರುವುದು. ದಿಕ್ಕು ತಪ್ಪಿ, ಪೂರ್ತಿ ಮುಚ್ಚಿ ಕಾಲು ಸುತ್ತು ತೆಗೆದರೆ ಮುಗಿಯಿತು. ಮೇಲೆ ಗಾಳಿ ಸರಾಗವಾಗಿ ಬರುತ್ತದೆ, ಆಳದಲ್ಲಿ ಕೈಕೊಡುತ್ತದೆ. ಅವನು ಬಗ್ಗಿ ತಿರುಗಿಸಿದ. ಕೊನೆಗೆ ಕಾಲು ಸುತ್ತು ಹಿಂದಕ್ಕೆ ತಂದ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ತಾನೂ ಒಮ್ಮೆ ನೋಡಲು ಭಾಮೈದ ಕೈ ಚಾಚಿದ.

"ಮುಟ್ಟಬೇಡ. ನಾನು ನೋಡಾಯ್ತು."

ಹೆಂಡತಿ ಪೈಪಿನ ತುದಿ ಕಚ್ಚಿ ಉಸಿರೆಳೆದಳು. ಗಾಳಿಯ ಮೀಟರಿನ ಮುಳ್ಳನ್ನೇ ನೋಡುತ್ತಾ ಇನ್ನೊಮ್ಮೆ ಎಳೆದಳು. "ಬರ್ತಿದೆ," ಎಂದಳು. "ನೀವು ದೋಣಿನ ಸ್ವಲ್ಪ ಮುಂದಕ್ಕೆ ತಗೊಳ್ಳಿ, ರೀ. ಲಂಗರು ಆ ಕೆಂಪು ಡಬ್ಬದ ಕೆಳಗಿದೆ."

ಅವನು ಚುಕ್ಕಾಣಿ ಹಿಡಿದ. ತೇಲುವ ಕೆಂಪು ಡಬ್ಬದ ಪಕ್ಕಕ್ಕೆ ದೋಣಿ ತಂದು, ಇಂಜಿನ್ ಆರಿಸಿ ತಿರುಗುವಷ್ಟರಲ್ಲಿ ನೀರು ಚಿಮ್ಮಿದ ಸದ್ದು ಕೇಳಿತು. ಹೇಳದೆ ಕೇಳದೆ ಇಳಿದುಬಿಟ್ಟಿದ್ದಳು.

ಗುಳ್ಳೆಗಳು ಬಂದವು. ಅವನ ಕಣ್ಣು ಅಲ್ಲೇ ನೆಟ್ಟಿತು. ಕೂತ, ಎದ್ದ, ಮತ್ತೆ ಕೂತ. ಭಾಮೈದ ಯಾಕೋ ಆಗಲೇ ಮಾಸ್ಕ್ ಹಾಕಿಕೊಂಡು, ತನ್ನ ಸಿಲಿಂಡರನ್ನೂ ಹೊತ್ತು ದೋಣಿಯ ಅಂಚಿನಲ್ಲಿ ಕೂತಿದ್ದ.

ಗುಳ್ಳೆಗಳು ವಿರಳವಾದವು. ಆಮೇಲೆ ನಿಂತೇಹೋದವು.

"ಭಾವ!"

ಅವನು ಭಾಮೈದನ ರಟ್ಟೆ ಹಿಡಿದ. "ತಡಿ, ಗಡಿಬಿಡಿ ಮಾಡಬೇಡ. ಹಗ್ಗ ಬಿಗೀತಾ ಉಸಿರು ಹಿಡಿದಿರ್ತಾಳೆ. ಅವಳಿಗೇನು ಹೊಸದಾ?" ಅಷ್ಟು ಭಯ ಅವನು ಜನ್ಮದಲ್ಲಿ ಪಟ್ಟಿರಲಿಲ್ಲ. ಹಿಡಿದ ಕೈಯನ್ನು ಬಿಡಲೂ ಇಲ್ಲ.

ಭಾಮೈದ ಕೊಸರಿಕೊಂಡು ಇನ್ನೇನು ಹಾರಬೇಕು, ಅನ್ನದ ಎಸರು ಉಕ್ಕಿದಂತೆ ಗುಳ್ಳೆಗಳು ಉಕ್ಕಿದವು. ಹಿಂದೆಯೇ ಅವಳ ತಲೆ ಕಾಣಿಸಿತು.

ತಮ್ಮ ಅವಳನ್ನು ಮೇಲಕ್ಕೆಳೆದುಕೊಂಡ. ಅವಳು ಗಂಡನಿಗೆ ಬೆನ್ನು ಹಾಕಿ, ಬಗ್ಗಿ ಕೆಮ್ಮಿದಳು. ವಾಲ್ವ್ ಸೊಂಟದ ಹತ್ತಿರವಿತ್ತು.

"ಮತ್ತೆ ತಿರುಗಿಸಿ ಕಟ್ಟಿದ್ದು ಯಾರು?" ಬದುಕಿ ಬಂದ ಹೆಂಡತಿಯನ್ನು ಅವನು ಕೇಳಿದ ಮೊದಲ ಮಾತು ಅದು.

"ಇವನೇ. ನೀವು ದೋಣಿ ಓಡಿಸುವಾಗ, ನಾನು ಹೇಳಿದ್ದಕ್ಕೆ." ಅವಳು ಉಸಿರು ಸುಧಾರಿಸಿಕೊಂಡಳು. "ಕೆಳಗೆ ಗಾಳಿ ನಿಂತುಹೋಯ್ತು. ಸೊಂಟಕ್ಕೆ ಕೈ ಹಾಕಿ ವಾಲ್ವ್ ತೆಗೆದೆ. ಹೆಚ್ಚೂಕಡಿಮೆ ಮುಚ್ಚೇ ಇತ್ತು."

"ದಿಕ್ಕು ತಪ್ಪಿರಬೇಕು ಕಣೆ. ಯಾರಿಗಾದ್ರೂ ಆಗುತ್ತೆ. ಇಂಥ ಎಡವಟ್ಟು ಬೇಡ ಅಂತಾನೇ ನೆಟ್ಟಗೆ ಕಟ್ಟು ಅಂತ ಬಡ್ಕೊಂಡೆ."

"ನೆಟ್ಟಗಿದ್ದಿದ್ರೆ ನನ್ನ ಕೈ ಎಟುಕ್ತಿರ್ಲಿಲ್ಲ, ರೀ," ಎಂದಳು ಅವಳು. "ನನ್ನನ್ನ ಮೆಟ್ಟಿಲಿಂದ ತಳ್ಳಿದ ನಿಮ್ಮ ಕೈಗೆ ಅದು ಗೊತ್ತೇ ಇತ್ತಲ್ಲ."